ಜಠರಾರ್ಬುದದಲ್ಲಿ ವಂಶವಾಹಿಗಳ ನಿಯಮನ

ದೇವಸುಗೂರು ರಾಯಚೂರು ನಗರಕ್ಕೆ ಉತ್ತರದಲ್ಲಿ ಸುಮಾರು 20 ಕಿಲೋಮೀಟರು ದೂರದಲ್ಲಿ, ಕೃಷ್ಣಾನದಿಯ ಬಲದಂಡೆಯ ಮೇಲಿರುವ ಗ್ರಾಮ. ಸುಗೂರೇಶ್ವರನ ಜಾತ್ರೆಯಿಂದ ಅದು ಹಿಂದಿನಿಂದಲೂ ಪ್ರಸಿದ್ಧವಾದುದು; 1985ರಲ್ಲಿ ಸಮೀಪದ ಶಕ್ತಿನಗರದಲ್ಲಿ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕವು ಕೆಲಸಮಾಡತೊಡಗಿದ ಮೇಲೆ ನಾಡಿಗೆಲ್ಲ ಪರಿಚಿತವಾಯಿತು. ಈ ಊರಿನ ಕಡೆಯ ಇಬ್ಬರು ರೋಗಿಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಇಬ್ಬರಿಗೂ ವಯಸ್ಸು ಐವತ್ತೈದರ ಸುಮಾರು. ಇಬ್ಬರಿಗೂ ಜಠರದಲ್ಲಿ ಅರ್ಬುದ. ಗಂತಿಯ ಅಳತೆಯೂ ಅದು ಹಬ್ಬಿರುವ ದೂರವೂ ಒಂದೇ. ಶಸ್ತ್ರಕ್ರಿಯೆಯೂ ಔಷಧಗಳೂ ಒಂದೇ. ಒಬ್ಬನು ಹತ್ತು ವರ್ಷಗಳ ಮೇಲೆಯೂ ಜಾತ್ರೆಯ ತೇರನ್ನು ನೋಡುತ್ತಾನೆ. ಇನ್ನೊಬ್ಬನು ಮರುವರ್ಷದ ಜಾತ್ರೆಗೇ ಇರುವುದಿಲ್ಲ. ಇಂಥ ಅಂತರವನ್ನು ವೈದ್ಯರು ಬಹುಕಾಲದಿಂದ ಕಂಡವರೇ; ದೇಹಪ್ರಕೃತಿಯೆಂದೋ ದೈವವೆಂದೋ ಅದಕ್ಕೆ ಹೆಸರಿಟ್ಟು ಸುಮ್ಮನಾಗುತ್ತಿದ್ದರು. ಈಚಿನ ಮೂವತ್ತು ವರ್ಷಗಳ ಸಂಶೋಧನೆಯಿಂದ ಇದರ ಒಂದು ಮುಖ್ಯವಾದ ಕಾರಣವು ತಿಳಿದುಬಂದಿದೆ. ಜೀವಕೋಶದ ವಂಶವಾಹಿಗಳಲ್ಲಿ ಬರೆದಿರುವುದರಲ್ಲಿ ಯಾವುದು ನಡೆಯುತ್ತಿದೆ, ಯಾವುದು ನಡೆಯದಂತೆ ಮುಚ್ಚಿಹೋಗಿದೆ ಎಂಬ ನಿಯಮನದ ವಿಚಾರಕ್ಕೆ ಅದು ಸೇರಿದುದಾಗಿದೆ.

ಮೊದಲು ಪದಗಳ ವಿಷಯವಾಗಿ ಕೊಂಚ ಹೇಳಬೇಕಾಗಿದೆ. ಕ್ಯಾನ್ಸರ್ ಎಂಬುದು ಏಡಿಗೆ ಇರುವ ಹೆಸರು. ಗ್ರೀಕ್ ವೈದ್ಯರು ಗಡ್ಡೆಯಿಂದ ಸುತ್ತಲೂ ಹಬ್ಬಿದ ರಕ್ತನಾಳಗಳಲ್ಲಿ ಏಡಿಯ ಕಾಲುಗಳನ್ನು ಕಂಡರೆಂದು ಪ್ರತೀತಿ. ಕನ್ನಡದ ಏಡಿಗಂತಿ ಎಂಬ ಮಾತು ಆ ಕಲ್ಪನೆಯನ್ನೇ ಉಳಿಸಿಕೊಂಡಿದೆ. ಅರ್ಬುದವೆಂಬುದು ಸುಶ್ರುತನಲ್ಲಿಯೇ ಇರುವ ಶಬ್ದ. ದುಂಡಾಗಿ, ಅಲುಗದೆ, ಆಳವಾಗಿ ಬೇರೂರಿ, ಮೆಲ್ಲಮೆಲ್ಲನೆ ಬೆಳೆದು, ಕೀವುಗೂಡದ ಮಾಂಸದ ಊತಕ್ಕೆ ಅವನು ಆ ಹೆಸರನ್ನು ಕೊಟ್ಟಿದ್ದಾನೆ. ಇನ್ನು ರೋಗದ ಮುಂದಿನ ಗತಿಯನ್ನು ಮುಂಚಿತವಾಗಿ ತಿಳಿಯುವ ವಿಚಾರಕ್ಕೆ ಇಂಗ್ಲಿಷಿನಲ್ಲಿ ಪ್ರಾಗ್ನೋಸಿಸ್ ಎನ್ನುತ್ತಾರೆ. ಇದಕ್ಕೆ ಹೊಸ ಪದವನ್ನು ಕಟ್ಟಬೇಕಾದುದಿಲ್ಲ. ಸಾಧ್ಯಾಸಾಧ್ಯ ನಿರ್ಣಯವೆಂಬ ಹೆಸರಿನಲ್ಲಿ ಚರಕಸಂಹಿತೆ ಇದನ್ನು ವಿಸ್ತಾರವಾಗಿ ಚರ್ಚಿಸಿ, ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯ ಎಂದು ನಾಲ್ಕಾಗಿ ವಿಂಗಡಿಸಿದೆ. ಇವುಗಳಲ್ಲಿ ಯಾಪ್ಯವೆಂಬುದು ವಿಶೇಷವಾಗಿ ಗಮನಿಸತಕ್ಕದ್ದು: ಪೂರ್ಣವಾಗಿ ನೀಗದು, ಆದರೆ ಚಿಕಿತ್ಸೆ ನಡೆಯುವಷ್ಟು ಕಾಲ ಅಂಕೆಯಲ್ಲಿರುವುದು. ಅಸಾಧ್ಯವೆಂದು ತಿಳಿಯದೆ ಚಿಕಿತ್ಸೆಗೆ ಕೈಹಾಕಿದ ವೈದ್ಯನಿಗೆ ಧನಹಾನಿಯೂ ಯಶೋಹಾನಿಯೂ ಆಗುವುದೆಂದು ಅದೇ ಗ್ರಂಥವು ಎಚ್ಚರಿಸುತ್ತದೆ. ಆಧುನಿಕ ವೈದ್ಯನಿಗೂ ಈ ನಿರ್ಣಯವು ತಪ್ಪಿದ್ದಲ್ಲ. ಅದಕ್ಕೆ ಆಧಾರವಾಗಿ ಅವನು ನೋಡುವ ಲಕ್ಷಣಗಳು ಮಾತ್ರ ಬೇರೆಯಾಗಿವೆ.

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ದೀರ್ಘವಾದ ಎಳೆಯಿದೆ. ನಾಲ್ಕು ಬಗೆಯ ಅಕ್ಷರಗಳಿಂದ ಬರೆದ, ಒಂದು ಪ್ರತಿಗೆ ಸುಮಾರು 300 ಕೋಟಿ ಅಕ್ಷರಗಳಿರುವ ಗ್ರಂಥವೆಂದು ಅದನ್ನು ಭಾವಿಸುವುದು ವಾಡಿಕೆ. ಅದರಲ್ಲಿ ಪ್ರೋಟೀನುಗಳನ್ನು ಕಟ್ಟಲು ವಿಧಿಗಳನ್ನು ಹೇಳುವ ಭಾಗಗಳು ಸುಮಾರು 20,000, ಅವೇ ವಂಶವಾಹಿಗಳು. ಕಣ್ಣಿನ ಕೋಶದಲ್ಲಿಯೂ ಮೂಳೆಯ ಕೋಶದಲ್ಲಿಯೂ ಜಠರದ ಕೋಶದಲ್ಲಿಯೂ ಇರುವ ಗ್ರಂಥವು ಒಂದೇ. ಹಾಗಿದ್ದರೂ ಜಠರದ ಕೋಶವು ಆಮ್ಲವನ್ನು ಸುರಿಸುತ್ತದೆ, ಕಣ್ಣಿನ ಕೋಶವು ಬೆಳಕನ್ನು ಹಿಡಿಯುತ್ತದೆ. ಒಂದೊಂದು ಕೋಶದಲ್ಲಿ ಒಂದೊಂದು ಅಧ್ಯಾಯವು ಮಾತ್ರ ಓದಲ್ಪಟ್ಟು ಉಳಿದವು ಮುಚ್ಚಿರುವುದೇ ಇದಕ್ಕೆ ಕಾರಣ. ಹೀಗೆ ತೆರೆಯುವ, ಮುಚ್ಚುವ ವ್ಯವಸ್ಥೆ ಇದೆಯೆಂಬುದನ್ನು ಪ್ಯಾರಿಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಎಂಬ ವಿದ್ವಾಂಸರು 1961ರಲ್ಲಿ ಒಂದು ಸಾಮಾನ್ಯ ಬ್ಯಾಕ್ಟೀರಿಯವನ್ನು ಹಿಡಿದು ಸ್ಥಾಪಿಸಿದರು. 1965ರಲ್ಲಿ ಅವರಿಗೂ ಆಂದ್ರೆ ಲ್ವಾಫ್ ಅವರಿಗೂ ನೊಬೆಲ್ ಬಹುಮಾನವು ಬಂದಿತು.

ರಾಯಚೂರು ಸೀಮೆಯವರಿಗೆ ಈ ವಿಷಯವನ್ನು ಗ್ರಂಥದ ಉಪಮೆಗಿಂತ ಕಾಲುವೆಯ ಉಪಮೆಯಿಂದ ತಿಳಿಸುವುದು ಸುಲಭ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯು ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸಿ, ಗಂಗಾವತಿ, ಸಿಂಧನೂರುಗಳನ್ನು ದಾಟಿ, ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳಲ್ಲಿ ಮುಗಿಯುತ್ತದೆ. ಯೋಜನೆಯ ಪ್ರಕಾರ ಈ ನೀರು ಬಹುಮಟ್ಟಿಗೆ ಜೋಳ, ಹತ್ತಿ, ಶೇಂಗಾ ಮೊದಲಾದ ಅಲ್ಪನೀರಿನ ಬೆಳೆಗಳಿಗೆ ಗೊತ್ತಾದುದು. ಆದರೆ ಮೇಲ್ಭಾಗದಲ್ಲಿ ತೂಬುಗಳು ಗೊತ್ತಾದುದಕ್ಕಿಂತ ಹೆಚ್ಚಾಗಿ ತೆರೆದು ಬತ್ತದ ಗದ್ದೆಗಳೆದ್ದವು. ಕೆಳಭಾಗದ ರೈತರು ಒಣಗಿದ ಕಾಲುವೆಯ ಎದುರಿಗೆ ಧರಣಿ ಕೂರುವುದು ವರ್ಷವರ್ಷದ ಸಂಗತಿಯಾಯಿತು. ಜಲಾಶಯದಲ್ಲಿ ನೀರಿದೆ, ಕಾಲುವೆಯ ಕಟ್ಟಡವೂ ಇದೆ. ಕೆಟ್ಟಿರುವುದು ತೂಬುಗಳ ನಿಯಮನ. ಇದಕ್ಕೆ ಪ್ರತಿಯಾಗಿ, 2024ರ ಆಗಸ್ಟ್ 10ರ ರಾತ್ರಿ ಅದೇ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದುದು ಬೇರೆಯ ಜಾತಿಯ ಅನಾಹುತ. ಅಲ್ಲಿ ಮುರಿದದ್ದು ಕಟ್ಟಡವೇ. ಅರ್ಬುದದ ಕೋಶದಲ್ಲಿಯೂ ಈ ಎರಡು ವಿಧದ ಕೇಡುಗಳು ಕಂಡುಬರುತ್ತವೆ. ಡಿ.ಎನ್.ಎ.ಯ ಅಕ್ಷರವೇ ಅಳಿದು ತಿದ್ದಿಹೋಗುವುದು ಒಂದು. ಅಕ್ಷರಗಳೆಲ್ಲ ಸರಿಯಾಗಿದ್ದು, ತೆರೆದಿರಬೇಕಾದುದು ಮುಚ್ಚಿ, ಮುಚ್ಚಿರಬೇಕಾದುದು ತೆರೆದುಕೊಳ್ಳುವುದು ಇನ್ನೊಂದು. ಜಠರಾರ್ಬುದದಲ್ಲಿ ಎರಡನೆಯದರ ಪಾಲು ಬಹಳ ದೊಡ್ಡದು.

ಈ ತೂಬುಗಳ ಸ್ವರೂಪವೇನು? ಪ್ರತಿಯೊಂದು ವಂಶವಾಹಿಯ ಮುಂದೆಯೂ ಒಂದು ಆರಂಭಸ್ಥಾನವಿದೆ. ನಿಯಾಮಕ ಪ್ರೋಟೀನುಗಳು ಅಲ್ಲಿ ಬಂದು ಕುಳಿತರೆ ವಂಶವಾಹಿಯ ನಕಲು ಆರ್.ಎನ್.ಎ. ರೂಪದಲ್ಲಿ ತಯಾರಾಗುತ್ತದೆ. ಆ ಸ್ಥಾನದಲ್ಲಿರುವ ಸೈಟೊಸಿನ್ ಎಂಬ ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ದಟ್ಟವಾಗಿ ಬಿದ್ದರೆ ನಿಯಾಮಕಗಳು ಕೂರಲಾರವು, ವಂಶವಾಹಿಯು ಮೌನವಾಗುತ್ತದೆ. ಓಲೆಗರಿಯ ಅಕ್ಷರವನ್ನು ಕೆರೆದು ತೆಗೆಯದೆ ಅದರ ಮೇಲೆ ಮೇಣವನ್ನು ಮೆತ್ತಿದಂತೆ ಇದು. ಡಿ.ಎನ್.ಎ.ಯು ಹಿಸ್ಟೋನ್ ಎಂಬ ಪ್ರೋಟೀನಿನ ಉರುಟೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದರೂ ಫಲವು ಇದೇ. ಇನ್ನೊಂದು ಉಪಾಯವೂ ಕೋಶದಲ್ಲಿದೆ. ಇಪ್ಪತ್ತು ಇಪ್ಪತ್ತೆರಡು ಅಕ್ಷರಗಳಷ್ಟೇ ಉದ್ದವುಳ್ಳ ಮೈಕ್ರೋ ಆರ್.ಎನ್.ಎ.ಗಳು ತಯಾರಾದ ನಕಲಿಗೇ ಅಂಟಿಕೊಂಡು ಅದು ಕೆಲಸಕ್ಕೆ ಬಾರದಂತೆ ಮಾಡುತ್ತವೆ. 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಮೊದಲು ಕಂಡ ಈ ವಸ್ತುವು ಬಹುಕಾಲ ಆ ಹುಳುವಿನ ವಿಚಿತ್ರವೆಂದೇ ಎಣಿಸಲ್ಪಟ್ಟಿತ್ತು. ಅದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ನೊಬೆಲ್ ಬಹುಮಾನವು ಬಂದುದು 2024ರಲ್ಲಿ. ಮೇಲೆ ಹೇಳಿದ ಮೀಥೈಲ್ ಗುರುತಿನ ವಿಶೇಷವೆಂದರೆ, ಕೋಶವು ಎರಡಾಗಿ ಒಡೆದಾಗ ಗುರುತಿನ ನಕಲೂ ಮರಿಕೋಶಗಳಿಗೆ ಹೋಗುತ್ತದೆ. ಒಮ್ಮೆ ಮುಚ್ಚಿದುದು ಸಂತತಿಯುದ್ದಕ್ಕೂ ಮುಚ್ಚಿರುತ್ತದೆ. ಅಕ್ಷರದೋಷವು ಹೇಗೋ ಹಾಗೆಯೇ ಇದೂ ಆನುವಂಶಿಕವಾಗುವುದರಿಂದ ಅರ್ಬುದಕ್ಕೆ ಇದು ಒದಗಿಬರುತ್ತದೆ.

ಆ ಗುರುತುಗಳು ಜಠರದಲ್ಲಿ ಬೀಳುವುದಕ್ಕೆ ಕಾರಣವಾದ ಜೀವಿಯ ಕಥೆ ಸ್ವಾರಸ್ಯವಾದುದು. ಜಠರದ ತೀಕ್ಷ್ಣವಾದ ಆಮ್ಲದಲ್ಲಿ ಯಾವ ಜೀವಾಣುವೂ ಬದುಕಲಾರದೆಂದು ವೈದ್ಯಶಾಸ್ತ್ರವು ನಂಬಿತ್ತು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರನ್ 1979ರಲ್ಲಿ ಅಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಕಂಡರು. ಬ್ಯಾರಿ ಮಾರ್ಷಲ್ ಅವರೊಡನೆ 1982ರಲ್ಲಿ ಅದನ್ನು ಬೆಳೆಸಿದರು. ಒಪ್ಪದವರನ್ನು ಒಪ್ಪಿಸಲು ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು. ಹುಣ್ಣಿಗೆ ಚಿಂತೆಯೂ ಖಾರವೂ ಕಾರಣವೆನ್ನುತ್ತಿದ್ದ ಪಾಠವು ಅಲ್ಲಿಗೆ ಮುಗಿಯಿತೆನ್ನಬಹುದು. ಆದರೂ ರಾಯಚೂರಿನಲ್ಲಿ ಹೊಟ್ಟೆಯ ರೋಗಕ್ಕೆಲ್ಲ ಮೆಣಸಿನಕಾಯಿಯನ್ನು ದೂರುವುದು ಇನ್ನೂ ನಿಂತಿಲ್ಲ. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಈ ಜೀವಿಯನ್ನು ಜಾಗತಿಕ ಆರೋಗ್ಯಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 1994ರಲ್ಲಿ ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. 2005ರಲ್ಲಿ ಇಬ್ಬರು ವೈದ್ಯರಿಗೂ ನೊಬೆಲ್ ಬಹುಮಾನವು ದೊರೆಯಿತು.

ಬ್ಯಾಕ್ಟೀರಿಯವು ಹೆಚ್ಚಾಗಿ ಬಾಲ್ಯದಲ್ಲಿಯೇ ಮನೆಯವರಿಂದ ಅಂಟಿಕೊಂಡು ದಶಕಗಳ ಕಾಲ ಇರುತ್ತದೆ. ಈ ಅವಧಿಯಲ್ಲಿ ಜಠರದ ಒಳಪೊರೆಯು ಹಾಯುವ ಮೆಟ್ಟಿಲುಗಳನ್ನು ಕೊಲಂಬಿಯ ದೇಶದ ಪೆಲಾಯೊ ಕೊರಿಯಾ ವರ್ಣಿಸಿದ್ದಾರೆ: ಮೊದಲು ಉರಿಯೂತ, ಆ ಬಳಿಕ ಗ್ರಂಥಿಗಳ ಕ್ಷಯ, ಆ ಮೇಲೆ ಜಠರದ ಪೊರೆಯಲ್ಲಿಯೇ ಕರುಳಿನ ಪೊರೆ ಹುಟ್ಟುವುದು, ಅನಂತರ ವಿಕಾರವಾದ ಕೋಶಗಳು, ಕಡೆಗೆ ಅರ್ಬುದ. ಮೂರನೆಯ ಮೆಟ್ಟಿಲು ನಿಯಮನದ ದೃಷ್ಟಿಯಿಂದ ಬಹಳ ಕುತೂಹಲಕರವಾದುದು. ಸಿ.ಡಿ.ಎಕ್ಸ್.-2 ಎಂಬ ವಂಶವಾಹಿ ಕರುಳಿನಲ್ಲಿ ತೆರೆದಿರುವುದು, ಜಠರದಲ್ಲಿ ಮುಚ್ಚಿರುವುದು ಸಹಜಕ್ರಮ. ದೀರ್ಘಕಾಲದ ಉರಿಯೂತದಿಂದ ಅದು ಜಠರದಲ್ಲಿಯೂ ತೆರೆದುಕೊಂಡು, ಜಠರದ ಕೋಶಗಳು ಕರುಳಿನ ಕೋಶಗಳ ವೇಷವನ್ನು ತಾಳುತ್ತವೆ. ಇಲಿಗಳ ಜಠರದಲ್ಲಿ ಈ ಒಂದು ವಂಶವಾಹಿಯನ್ನು ಬಲವಂತವಾಗಿ ತೆರೆದಾಗ ಇದೇ ಮಾರ್ಪಾಡಾದುದನ್ನು 2002ರಲ್ಲಿ ತೋರಿಸಿದರು. ಜೋಳದ ಹೊಲಕ್ಕೆ ನೀರು ನುಗ್ಗಿ ಬತ್ತದ ಗದ್ದೆಯಾದ ಹಾಗೆ.

ಮೀಥೈಲ್ ಗುರುತುಗಳು ಬೀಳುವುದೂ ಈ ಕಾಲದಲ್ಲಿಯೇ. ಜಪಾನಿನ ತೊಶಿಕಾಜು ಉಶಿಜಿಮಾ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅರ್ಬುದವಿಲ್ಲದವರಲ್ಲಿಯೂ ಬ್ಯಾಕ್ಟೀರಿಯವಿದ್ದರೆ ಜಠರದ ಪೊರೆಯಲ್ಲಿ ಈ ಗುರುತುಗಳು ಬಹಳ ಹೆಚ್ಚಾಗಿರುವುದು ಕಂಡುಬಂದಿತು. ಗಂತಿಯು ಒಂದು ಕಡೆ ಏಳುವ ಮೊದಲೇ ಹೊಲವೆಲ್ಲ ಹದವಾಗಿರುತ್ತದೆಂಬುದು ಇದರ ಅರ್ಥ. ಗುರುತನ್ನು ಹಾಕುವುದು ಬ್ಯಾಕ್ಟೀರಿಯವೇ, ಅದರಿಂದಾದ ಉರಿಯೂತವೇ ಎಂಬ ಸಂಶಯವು ಉಳಿದಿತ್ತು. 2010ರಲ್ಲಿ ಅದೇ ಬಳಗದವರು ಗರ್ಬಿಲ್ ಎಂಬ ಮರಳುಗಾಡಿನ ಇಲಿಗಳಿಗೆ ಸೋಂಕು ತಗುಲಿಸಿ, ಉರಿಯೂತವನ್ನಷ್ಟೇ ಅಡಗಿಸುವ ಸೈಕ್ಲೊಸ್ಪೊರಿನ್ ಔಷಧವನ್ನು ಕೊಟ್ಟರು. ಬ್ಯಾಕ್ಟೀರಿಯಗಳು ಇದ್ದಂತೆಯೇ ಇದ್ದವು. ಮೀಥೈಲ್ ಗುರುತು ಮಾತ್ರ ಬೀಳಲಿಲ್ಲವೆನ್ನುವಷ್ಟು ತಗ್ಗಿತು. ಉರಿಯೂತವೇ ಅಪರಾಧಿಯೆಂದು ಅಲ್ಲಿಗೆ ನಿಶ್ಚಯವಾಯಿತು. ಸರಳವೂ ಸುಂದರವೂ ಆದ ಪರೀಕ್ಷೆಯಿದು.

ಮುಚ್ಚಿಹೋಗುವ ವಂಶವಾಹಿಗಳಲ್ಲಿ ಒಂದೆರಡನ್ನಾದರೂ ಹೆಸರಿಸದಿದ್ದರೆ ವಿಷಯವು ಸ್ಪಷ್ಟವಾಗದು. ಸಿ.ಡಿ.ಎಚ್.-1 ಎಂಬುದು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿನ ವಿಧಿ. ಪೊರೆಯ ಕೋಶಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುವ ಗಾರೆ ಅದು. ನ್ಯೂಜಿಲೆಂಡಿನ ಒಂದು ಮಾವೊರಿ ಮನೆತನದಲ್ಲಿ ತರುಣರೂ ಸೇರಿ ಹಲವರು ತಲೆಮಾರುಗಳ ಕಾಲ ಜಠರಾರ್ಬುದದಿಂದ ಸಾಯುತ್ತ ಬಂದಿದ್ದರು. ಪ್ಯಾರಿ ಗಿಲ್‌ಫೋರ್ಡ್ ಮತ್ತು ಅವರೊಡನೆ ಕೆಲಸಮಾಡಿದವರು, ಆ ಮನೆತನದವರ ಸಹಕಾರದಿಂದಲೇ, ಅವರಲ್ಲಿ ಈ ವಂಶವಾಹಿಯ ಒಂದು ಪ್ರತಿಯು ಹುಟ್ಟಿನಿಂದಲೇ ಕೆಟ್ಟಿರುವುದನ್ನು 1998ರಲ್ಲಿ ಕಂಡುಹಿಡಿದರು. ಆದರೆ ಪ್ರತಿಯೊಬ್ಬನಿಗೂ ತಂದೆಯಿಂದೊಂದು, ತಾಯಿಯಿಂದೊಂದು ಎಂದು ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕಾಪಾಡಬೇಕಷ್ಟೆ. ಇಂಥ ಮನೆತನಗಳ ಗಂತಿಗಳಲ್ಲಿ ಆ ಎರಡನೆಯ, ಅಕ್ಷರದೋಷವಿಲ್ಲದ ಪ್ರತಿಯು ಅನೇಕ ಸಲ ಮೀಥೈಲ್ ಗುರುತಿನಿಂದ ಮುಚ್ಚಿಹೋಗಿರುತ್ತದೆಂಬುದು 2000ದಲ್ಲಿ ಗೊತ್ತಾಯಿತು. ಮುರಿದ ಗೇಟೂ ಮುಚ್ಚಿದ ತೂಬೂ ಒಂದೇ ಕಾಲುವೆಯಲ್ಲಿ ಕೂಡಿದಂತೆ. ಗಾರೆ ಹೋದ ಮೇಲೆ ಕೋಶಗಳು ಒಂದೊಂದಾಗಿ ಜಠರದ ಗೋಡೆಯೊಳಕ್ಕೆ ಚದರುತ್ತವೆ. ಮೇಲೆ ಗಂತಿ ಕಾಣದೆ ಗೋಡೆಯೆಲ್ಲ ತೊಗಲಿನಂತೆ ಗಡುಸಾಗುತ್ತದೆ. ಫಿನ್ಲೆಂಡಿನ ಪೆಕ್ಕ ಲೌರೆನ್ 1965ರಲ್ಲಿ ಜಠರಾರ್ಬುದವನ್ನು ಕರುಳಿನ ಬಗೆ, ಚದರಿದ ಬಗೆ ಎಂದು ಎರಡಾಗಿ ವಿಭಾಗಿಸಿದಾಗ ಸೂಕ್ಷ್ಮದರ್ಶಕದಲ್ಲಿ ಕಂಡುದು ಈ ವ್ಯತ್ಯಾಸವನ್ನೇ. ಕಾರಣವು ತಿಳಿಯಲು ಮೂರು ದಶಕಗಳು ಬೇಕಾದವು.

ಇದೇ ಗಾರೆಯನ್ನು ಕರಗಿಸಲು ಬೇರೆ ದಾರಿಯೂ ಇದೆ. ಜೆ಼ಬ್ ಎಂಬ ನಿಯಾಮಕ ಪ್ರೋಟೀನು ಸಿ.ಡಿ.ಎಚ್.-1ರ ಆರಂಭಸ್ಥಾನದಲ್ಲಿ ಕುಳಿತು ಅದನ್ನು ಅದುಮಬಲ್ಲದು, ಮೈಕ್ರೋ ಆರ್.ಎನ್.ಎ.-200 ಎಂಬ ಗುಂಪು ಜೆ಼ಬ್ ತಲೆಯೆತ್ತದಂತೆ ತಡೆಯುತ್ತಿರುತ್ತದೆ. ಕಾವಲುಗಾರನಿಗೊಬ್ಬ ಕಾವಲುಗಾರ. ಮೈಕ್ರೋ ಆರ್.ಎನ್.ಎ. ಕುಗ್ಗಿದರೆ ಜೆ಼ಬ್ ಹೆಚ್ಚುತ್ತದೆ, ಗಾರೆ ಕರಗುತ್ತದೆ, ಪೊರೆಯ ಕೋಶಗಳು ಅಲೆಮಾರಿಗಳಾಗಿ ಬೇರೆ ಅಂಗಗಳಿಗೆ ಹೊರಡುತ್ತವೆ. ರನ್ಕ್ಸ್-3 ಎಂಬ ಇನ್ನೊಂದು ವಂಶವಾಹಿಯ ವಿಷಯದಲ್ಲಿ ವಾದವಿದೆ. ಯೊಶಿಯಾಕಿ ಇತೊ ಅವರ ಬಳಗವು 2002ರಲ್ಲಿ, ಜಠರಾರ್ಬುದಗಳಲ್ಲಿ ಅರ್ಧದಷ್ಟರಲ್ಲಿ ಇದು ಮೀಥೈಲ್ ಗುರುತು ಮೊದಲಾದುವುಗಳಿಂದ ಮೌನವಾಗಿದೆಯೆಂದು ಸಾರಿತು. ಇಸ್ರೇಲಿನ ಸಂಶೋಧಕರು ಆರೋಗ್ಯವಂತ ಜಠರದ ಪೊರೆಯಲ್ಲಿಯೂ ಅದು ನಡೆಯುತ್ತಿರಲಿಲ್ಲವೆಂದು ಆಕ್ಷೇಪಿಸಿದರು. ಹುಟ್ಟಿನಿಂದ ಮೂಗನಾದವನನ್ನು ಯಾರೋ ಬಾಯಿ ಮುಚ್ಚಿಸಿದರೆಂದು ಹೇಳುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಮೀಥೈಲ್ ಗುರುತು ಕಂಡಲ್ಲೆಲ್ಲ ಅದೇ ಕಾರಣವೆಂದು ತೀರ್ಮಾನಿಸುವ ಆತುರಕ್ಕೆ ಈ ವಾದವು ಒಳ್ಳೆಯ ಲಗಾಮು.

ಎಂ.ಎಲ್.ಎಚ್.-1 ಎಂಬುದರ ಕಥೆ ವಿಪರೀತವಾದುದು. ಡಿ.ಎನ್.ಎ.ಯನ್ನು ನಕಲುಮಾಡುವಾಗ ಬೀಳುವ ತಪ್ಪುಗಳನ್ನು ತಿದ್ದುವ ಲಿಪಿಕಾರನ ಕೆಲಸ ಇದರದು. ಇದು ಮೀಥೈಲ್ ಗುರುತಿನಿಂದ ಮುಚ್ಚಿಹೋದರೆ ಸಾವಿರಾರು ಅಕ್ಷರದೋಷಗಳು ಸೇರಿಕೊಳ್ಳುತ್ತವೆ. ನಿಯಮನದ ಒಂದು ತಪ್ಪು ಅಕ್ಷರಗಳ ಸಾವಿರ ತಪ್ಪುಗಳಿಗೆ ತಾಯಿಯಾಗುವುದು ಹೀಗೆ. ಆದರೆ ಇಂಥ ಗಂತಿಯುಳ್ಳ ರೋಗಿಗಳೇ ಇತರರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ತಪ್ಪುಗಳು ಅಷ್ಟು ಹೆಚ್ಚಿದಾಗ ಕೋಶವು ವಿಚಿತ್ರವಾದ ಪ್ರೋಟೀನುಗಳನ್ನು ಹೊತ್ತು ದೇಹದ ರಕ್ಷಣಾ ಕೋಶಗಳ ಕಣ್ಣಿಗೆ ಬೀಳುವುದೇ ಇದಕ್ಕೆ ಮುಖ್ಯ ಕಾರಣವೆಂದು ಊಹಿಸಲಾಗಿದೆ.

ಇಲ್ಲಿಂದ ಸಾಧ್ಯಾಸಾಧ್ಯ ನಿರ್ಣಯದ ವಿಷಯಕ್ಕೆ ಬರಬಹುದು. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಸಂಘಟನೆಯು 295 ಗಂತಿಗಳನ್ನು ಪರೀಕ್ಷಿಸಿ 2014ರಲ್ಲಿ ಜಠರಾರ್ಬುದವನ್ನು ನಾಲ್ಕಾಗಿ ವಿಂಗಡಿಸಿತು. ಎಪ್‌ಸ್ಟೀನ್ ಬಾರ್ ವೈರಸ್ ಸೇರಿಕೊಂಡವು ನೂರಕ್ಕೆ 9. ಇವುಗಳಲ್ಲಿ ಮೀಥೈಲ್ ಗುರುತು ಮಿಕ್ಕೆಲ್ಲಕ್ಕಿಂತಲೂ ದಟ್ಟ. ಮೇಲೆ ಹೇಳಿದ ತಿದ್ದುಗಾರನನ್ನು ಕಳೆದುಕೊಂಡವು 22. ವರ್ಣತಂತುಗಳು ಬಹುಮಟ್ಟಿಗೆ ಸ್ಥಿರವಾಗಿದ್ದು ಹೆಚ್ಚಾಗಿ ಚದರಿದ ಬಗೆಗೆ ಸೇರಿದವು 20. ಉಳಿದ ಅರ್ಧ, ವರ್ಣತಂತುಗಳೇ ಅಸ್ತವ್ಯಸ್ತವಾದವು. ಮರುವರ್ಷ ಏಷ್ಯಾ ಸಂಶೋಧಕರ ಒಂದು ಬಳಗವು ಸಿಯೋಲಿನ 300 ರೋಗಿಗಳ ಗಂತಿಗಳಲ್ಲಿ ಯಾವ ವಂಶವಾಹಿಗಳು ತೆರೆದಿವೆ, ಯಾವುವು ಮುಚ್ಚಿವೆ ಎಂಬುದನ್ನು ನೋಡಿ ಇನ್ನೊಂದು ವಿಂಗಡಣೆಯನ್ನು ಮಾಡಿತು. ರೋಗಿಗಳ ಮುಂದಿನ ಗತಿಯನ್ನೂ ಹೋಲಿಸಿತು. ತಿದ್ದುಗಾರನನ್ನು ಕಳೆದುಕೊಂಡ ವರ್ಗದವರು ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದರು. ಗಾರೆ ಕರಗಿ ಕೋಶಗಳು ಅಲೆಮಾರಿಗಳಾದ ವರ್ಗದವರು ಎಲ್ಲರಿಗಿಂತ ಬೇಗ ತೀರಿಕೊಂಡರು. ಲೇಖನದ ಆರಂಭದ ಆ ಇಬ್ಬರು ರೋಗಿಗಳು ಈ ಎರಡು ವರ್ಗಗಳಿಗೆ ಸೇರಿದವರೆಂದಿಟ್ಟುಕೊಂಡರೆ, ಅಂತರಕ್ಕೆ ಬಹುಪಾಲು ಉತ್ತರವು ದೊರೆತಂತೆ.

ಈ ಜ್ಞಾನದಿಂದ ಚಿಕಿತ್ಸೆ ಎಷ್ಟು ಬದಲಾಗಿದೆ? ಬ್ರಿಟನ್ನಿನ ಒಂದು ಹಿಂದಿನ ಪರೀಕ್ಷೆಯ ಗಂತಿಗಳನ್ನು 2017ರಲ್ಲಿ ಮರಳಿ ನೋಡಿದಾಗ, ತಿದ್ದುಗಾರನಿಲ್ಲದ ವರ್ಗದ ರೋಗಿಗಳಿಗೆ ರೂಢಿಯ ಕೀಮೊಥೆರಪಿಯಿಂದ ಲಾಭವೇ ಕಾಣಲಿಲ್ಲ. ಶಸ್ತ್ರಕ್ರಿಯೆಯೊಂದರಿಂದಲೇ ಅವರು ಚೆನ್ನಾಗಿದ್ದರು. ರೋಗಿಗಳ ಸಂಖ್ಯೆ ಸ್ವಲ್ಪವೇ ಆದರೂ ಇದು ವೈದ್ಯರನ್ನು ಯೋಚನೆಗೆ ಹಚ್ಚಿತು. ರಕ್ಷಣಾ ಕೋಶಗಳ ಕಟ್ಟನ್ನು ಬಿಚ್ಚುವ ಹೊಸ ಔಷಧಗಳು ಈ ವರ್ಗಕ್ಕೆ ವಿಶೇಷವಾಗಿ ಹಿಡಿಸುತ್ತವೆ. ಹರ್-2 ಎಂಬ ವಂಶವಾಹಿಯ ಪ್ರತಿಗಳು ಹೆಚ್ಚಿ, ಬೆಳವಣಿಗೆಯ ಆಜ್ಞೆ ಎಡೆಬಿಡದೆ ಹೊರಡುವ ಗಂತಿಗಳು ಐದಾರಕ್ಕೆ ಒಂದರಂತೆ ಇರುತ್ತವೆ. ಇವುಗಳಿಗೆ ಟ್ರಾಸ್ಟುಜು಼ಮಾಬ್ ಎಂಬ ಔಷಧವನ್ನು ಕೂಡಿಸಿದಾಗ, ರೋಗವು ಮಿತಿಮೀರಿ ಹಬ್ಬಿದವರ ಮಧ್ಯಮ ಆಯುಷ್ಯವು 11.1 ತಿಂಗಳಿಂದ 13.8 ತಿಂಗಳಿಗೆ ಏರಿತೆಂದು 2010ರ ಪರೀಕ್ಷೆಯು ತೋರಿಸಿತು. ಹೆಚ್ಚಿದ್ದು ಎರಡೂವರೆ ತಿಂಗಳು ಚಿಲ್ಲರೆ. ಅಸಾಧ್ಯವು ಯಾಪ್ಯದ ಕಡೆಗೆ ಒಂದು ಹೆಜ್ಜೆ ಸರಿಯಿತು, ಅಷ್ಟೆ. ಆದರೆ ಹೆಜ್ಜೆಯೇ ಇಲ್ಲದ ದಾರಿಯಲ್ಲಿ ಅದು ಮೊದಲನೆಯದು. ಈ ಔಷಧದ ಸದೃಶರೂಪವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ ತಯಾರಿಸಿತು. ಸ್ತನದ ಮತ್ತು ಜಠರದ ಅರ್ಬುದಗಳೆರಡಕ್ಕೂ ಅದಕ್ಕೆ ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು.

ಮೀಥೈಲ್ ಗುರುತನ್ನೇ ಅಳಿಸುವ ಔಷಧಗಳೂ ಇವೆ. ಅಜಾಸಿಟಿಡಿನ್ ಎಂಬುದು 2004ರಿಂದ ಮಜ್ಜೆಯ ಒಂದು ರೋಗದಲ್ಲಿ ಬಳಕೆಯಲ್ಲಿದೆ. ಆದರೆ ಜಠರದಂಥ ಅಂಗದ ಗಂತಿಯಲ್ಲಿ ಅದು ಹಾಗೆ ಫಲಿಸಿಲ್ಲ. ಯಾವ ತೂಬನ್ನು ತೆರೆಯಬೇಕೆಂದು ಅದಕ್ಕೆ ತಿಳಿಯದು; ಎಲ್ಲವನ್ನೂ ಒಮ್ಮೆಗೇ ಸಡಿಲಿಸುತ್ತದೆ.

ಗುರುತು ಬೀಳದಂತೆ ಮೊದಲೇ ತಡೆಯುವುದರಲ್ಲಿ ಫಲವು ಹೆಚ್ಚು ಕಂಡಿದೆ. ಬ್ಯಾಕ್ಟೀರಿಯವನ್ನು ಔಷಧದಿಂದ ನೀಗಿದರೆ ಜಠರದ ಪೊರೆಯಲ್ಲಿ ಮೀಥೈಲ್ ಗುರುತು ತಗ್ಗುತ್ತದೆ. ಎಂದೂ ಸೋಂಕಿಲ್ಲದವರ ಮಟ್ಟಕ್ಕೆ ಮಾತ್ರ ಇಳಿಯದು. ಉಳಿದುಕೊಂಡ ಆ ಗುರುತೇ ಭವಿಷ್ಯವನ್ನು ಹೇಳುತ್ತದೆಂಬುದು ಗಮನಾರ್ಹ. ಆರಂಭದ ಅರ್ಬುದವನ್ನು ಕೆತ್ತಿ ತೆಗೆದು, ಬ್ಯಾಕ್ಟೀರಿಯವನ್ನೂ ನೀಗಿದ ನೂರಾರು ಜಪಾನೀ ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿದಾಗ, ಮಿಕ್ಕ ಪೊರೆಯಲ್ಲಿ ಗುರುತು ಹೆಚ್ಚಾಗಿದ್ದವರಿಗೆ ಎರಡನೆಯ ಅರ್ಬುದವೂ ಹೆಚ್ಚಾಗಿ ಬಂದುದು 2015ರಲ್ಲಿ ಪ್ರಕಟವಾಯಿತು. ಕೊರಿಯದಲ್ಲಿ ಇಂಥ ರೋಗಿಗಳಲ್ಲಿ ಬ್ಯಾಕ್ಟೀರಿಯವನ್ನು ನೀಗಿದ ಗುಂಪಿನಲ್ಲಿ ನೂರಕ್ಕೆ 7.2, ನೀಗದ ಗುಂಪಿನಲ್ಲಿ 13.4 ಮಂದಿಗೆ ಮತ್ತೆ ಅರ್ಬುದವು ಬಂದಿತೆಂದು 2018ರ ಪರೀಕ್ಷೆ ಹೇಳುತ್ತದೆ. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಊರೂರನ್ನೇ ಪರೀಕ್ಷಿಸಿ ಬ್ಯಾಕ್ಟೀರಿಯವನ್ನು ನೀಗಿದ ಮೇಲೆ ಜಠರಾರ್ಬುದವು ಅರ್ಧಕ್ಕಿಂತಲೂ ಕಡಿಮೆಯಾಯಿತು.

ಹಾಗೆಂದು ಆ ಕ್ರಮವನ್ನು ಇಲ್ಲಿಗೆ ಹಾಗೆಯೇ ತರಬಹುದೆಂದು ಹೇಳಲಾಗದು. ಭಾರತದಲ್ಲಿ ಈ ಬ್ಯಾಕ್ಟೀರಿಯವು ಬಹುಜನರಲ್ಲಿದೆ, ಜಠರಾರ್ಬುದವು ಅದಕ್ಕೆ ತಕ್ಕಷ್ಟು ಇಲ್ಲ. ವಿದ್ವಾಂಸರು ಇದನ್ನು ಭಾರತದ ಒಗಟೆಂದೇ ಕರೆಯುತ್ತಾರೆ. ದೇಶದೊಳಗೂ ಸಮಾನತೆಯಿಲ್ಲ. ಮಿಜೋರಾಮಿನ ಐಜಾಲಿನಲ್ಲಿ ಇದು ಅತ್ಯಧಿಕ. ಅಲ್ಲಿಯ ಸಂಶೋಧನೆಗಳು ತಂಬಾಕಿನ ಹೊಗೆಯನ್ನು ಹಾಯಿಸಿದ ತುಯಿಬುರ್ ಎಂಬ ನೀರನ್ನೂ ಹೊಗೆಯಲ್ಲಿ ಒಣಗಿಸಿದ ಮಾಂಸವನ್ನೂ ಬೊಟ್ಟುಮಾಡಿವೆ. ಕರ್ನಾಟಕದಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು 1982ರಿಂದ ಬೆಂಗಳೂರಿನ ಅರ್ಬುದಗಳ ದಾಖಲೆಯನ್ನಿಡುತ್ತ ಬಂದಿದೆ. ಗಂಡಸರಲ್ಲಿ ಮುಂಚೂಣಿಯ ಅರ್ಬುದಗಳ ಸಾಲಿನಲ್ಲಿ ಜಠರದ್ದು ಅದರಲ್ಲಿ ಕಾಣಿಸಿಕೊಂಡಿದೆ. ಬೆಂಗಳೂರಿನ ಆ ಲೆಕ್ಕವನ್ನು ಜೋಳದ ರೊಟ್ಟಿಯ ರಾಯಚೂರು ಸೀಮೆಗೆ ಹೊಂದಿಸಿ ಹೇಳುವುದು ಶಾಸ್ತ್ರಸಮ್ಮತವಲ್ಲ. ಉಪ್ಪಿನಲ್ಲಿ ಊರಿದ ಆಹಾರವು ಅಪಾಯವನ್ನು ಹೆಚ್ಚಿಸುತ್ತದೆಂಬ ಸಾಕ್ಷ್ಯವೂ ಮುಖ್ಯವಾಗಿ ಜಪಾನು, ಕೊರಿಯಗಳಲ್ಲಿ ದೊರೆತದ್ದು. ಅದರ ಬಲದಿಂದ ಮನೆಮನೆಯ ಉಪ್ಪಿನಕಾಯಿ ಭರಣಿಯ ಮೇಲೆ ತೀರ್ಪುಕೊಡುವುದು ಅವಸರವಾದೀತು. ಧೂಮಪಾನದ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ.

ಇಷ್ಟೆಲ್ಲ ಸೂಕ್ಷ್ಮಜ್ಞಾನಕ್ಕಿಂತ ಮೊದಲು ರೋಗದ ಗತಿಯನ್ನು ನಿರ್ಣಯಿಸುವುದು ಅದು ಯಾವ ಹಂತದಲ್ಲಿ ಸಿಕ್ಕಿತೆಂಬುದು. ಅಮೆರಿಕದ ಲೆಕ್ಕದಲ್ಲಿ, ಜಠರದಲ್ಲಿಯೇ ನಿಂತಿರುವಾಗ ಸಿಕ್ಕಿದರೆ ಐದು ವರ್ಷ ಬದುಕುವವರು ನೂರಕ್ಕೆ 70ಕ್ಕೂ ಹೆಚ್ಚು. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಸಿಕ್ಕಿದರೆ 10ಕ್ಕೂ ಕಡಿಮೆ. ಯಾವ ವರ್ಗದ ವಂಶವಾಹಿಯೂ ಇಷ್ಟು ದೊಡ್ಡ ಅಂತರವನ್ನು ಉಂಟುಮಾಡದು. ಸಿ.ಡಿ.ಎಚ್.-1 ಮುಚ್ಚಿದೆಯೇ, ಹರ್-2 ಹೆಚ್ಚಿದೆಯೇ ಎಂದು ನೋಡಬೇಕಾದರೂ ಎಂಡೋಸ್ಕೋಪಿಯ ನಳಿಕೆಯನ್ನು ಇಳಿಸಿ ಪೊರೆಯ ಒಂದು ಚೂರನ್ನು ತೆಗೆಯಬೇಕು. ದೇವಸುಗೂರಿನವನಿಗೆ ಆ ನಳಿಕೆಯು ರಾಯಚೂರಿನಲ್ಲಿ ದೊರೆತೀತು. ಮುಂದಿನ ಚಿಕಿತ್ಸೆಗೆ ಕಲಬುರಗಿ, ಇಲ್ಲವೆ ಸುಮಾರು 200 ಕಿಲೋಮೀಟರು ದೂರದ ಹೈದರಾಬಾದು, ಇಲ್ಲವೆ ಅದರ ಇಮ್ಮಡಿಯಷ್ಟು ದೂರದ ಬೆಂಗಳೂರು. ರಾಯಚೂರಿಗೆ ಏಮ್ಸ್ ಆಸ್ಪತ್ರೆಯು ಬರಬೇಕೆಂದು 2022ರ ಮೇ ತಿಂಗಳಲ್ಲಿ ಅಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ದಾಟಿದುದರ ಹಿಂದೆ ಇರುವುದು ಈ ದೂರವೇ.

ನಲವತ್ತು ದಾಟಿದವನಿಗೆ ಹೊಸದಾಗಿ ಅಗ್ನಿಮಾಂದ್ಯ, ಸ್ವಲ್ಪ ಉಂಡೊಡನೆ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ಮೈ ಇಳಿಯುವುದು, ಮಲವು ಕಪ್ಪಾಗುವುದು, ರಕ್ತಹೀನತೆ, ಇವುಗಳಲ್ಲಿ ಯಾವುದು ಕಂಡರೂ ಆಮ್ಲವನ್ನು ತಗ್ಗಿಸುವ ಮಾತ್ರೆಗಳನ್ನು ನುಂಗುತ್ತ ತಿಂಗಳುಗಳನ್ನು ಕಳೆಯುವುದು ರೂಢಿಯಾಗಿದೆ. ಆ ಮಾತ್ರೆಗಳು ಅರ್ಬುದದ ನೋವನ್ನೂ ಕೆಲವು ವಾರಗಳ ಕಾಲ ಅಡಗಿಸುವುದುಂಟು. ಒಳಗೆ ಗಂತಿಯು ಅಷ್ಟರಲ್ಲಿ ಗೋಡೆಯನ್ನು ದಾಟಿರುತ್ತದೆ.